ಗರಾಜಿನ ಹೀಟರ್ ಪಾಸಾಯಿತು

ಒರೆಸ್ಟ್,

ಬೆಳಿಗ್ಗೆ ಓಟ್ಸ್ ಗಂಜಿ ಕಲಕುತ್ತಿದ್ದಾಗ ಬಾಗಿಲು ಬಡಿದ ಸದ್ದು. ನೋಡಿದರೆ ಕಳೆದ ಸಲ ನಮ್ಮ ಹೀಟರ್ ಫೇಲ್ ಮಾಡಿದ್ದ ಅದೇ ಗ್ಯಾಸ್ ಇನ್‌ಸ್ಪೆಕ್ಟರ್, ಹೇಳಿದ್ದಕ್ಕಿಂತ ಒಂದು ದಿನ ಮೊದಲೇ! "ಯಜಮಾನ್ರು ಈ ಸಲಾನೂ ಹೀಟರ್ ಕೆಳಗೆ ಪೇಂಟ್ ಡಬ್ಬ ಹುರಿಯೋಕಿಟ್ಟಿದ್ದಾರಾ?" ಎಂದು ನಕ್ಕರು. ಸೌಟು ಹಿಡಿದುಕೊಂಡೇ ಅವರ ಹಿಂದೆ ಗರಾಜಿಗೆ ಓಡಿದೆ. ಅವರು ಎಲ್ಲ ಅಳೆದು ನೋಡಿ ಸಹಿ ಹಾಕಿಯೇಬಿಟ್ಟರು. ಗಂಜಿ ತಳ ಹಿಡಿಯಿತು, ಹಿಡಿಯಲಿ ಬಿಡು.

ಇನ್ನು ಈ ಚಳಿಗಾಲವೆಲ್ಲ ನೀನು ನಮ್ಮ ಗರಾಜಿನಲ್ಲೇ ಕಾರು ರಿಪೇರಿ ಮಾಡಿ ದುಡಿಯಬಹುದು. ಪಕ್ಕದ ಮನೆಯ ಹಲೀನಾ ಅವರ ಕಾರು ಸ್ಟಾರ್ಟ್ ಆಗುತ್ತಿಲ್ಲವಂತೆ, ಹೋಗಿ ನೋಡು. ಪೆಟ್ರೋಲ್ ಕ್ಯಾನು ಮಾತ್ರ ಹೊರಗಿನ ಶೆಡ್ಡಿಗೆ ಹೋಗಬೇಕು; ಹೇಳಿ ಹೇಳಿ ನನಗೆ ಸಾಕಾಗಿದೆ. ಪೇಟೆಯಿಂದ ತಂದ ಜಾಕ್ ಇಳಿಸುವಾಗ ಕೈಗವಸು ಹಾಕಿಕೋ, ಮೈನಸ್ ಮೂವತ್ತು ಇದೆ. ಬೀಟ್‌ರೂಟ್ ಸೂಪು ಒಲೆಯ ಮೇಲಿದೆ.

ನೀನು ಮೂರು ಮೂರು ವಾರ ಉತ್ತರದ ಗಣಿಗೆ ಹೊರಟಾಗಲೆಲ್ಲ ಲೆಸ್ಯಾ ತುಟಿ ಬಿಚ್ಚದೆ ನಿನ್ನ ಬೂಟು ಬಚ್ಚಿಡುತ್ತಿದ್ದಳಲ್ಲ? ಇವತ್ತು ಇನ್‌ಸ್ಪೆಕ್ಟರ್ ಅತ್ತ ಹೋದದ್ದೇ ತಡ, ಬಾಯಿಬಿಟ್ಟು ಕೇಳಿದಳು. ಅಪ್ಪನನ್ನೇ ಕೇಳು ಅಂದೆ. ಮೂರೂವರೆಗೆ ಶಾಲೆಯಿಂದ ಕರೆತರುವಾಗ ನೀನೇ ಹೇಳು.

"ಅಮ್ಮಾ, ಇನ್ಮೇಲೆ ಊಟಕ್ಕೆ ಅಪ್ಪ ದಿನಾ ಮನೇಲೇ ಇರ್ತಾರಾ?"