ಅಧ್ಯಕ್ಷರ ಮನೆಯಲ್ಲಿ ಉಳಿದ ಕಾಗದ

8 ಸೆಪ್ಟೆಂಬರ್ 1881, ಗುರುವಾರ

ಇಂದು ಉಪವಾಸ. ಗುಂಡೇಟು ತಿಂದು ಮಲಗಿರುವ ಅಧ್ಯಕ್ಷ ಗಾರ್‌ಫೀಲ್ಡರಿಗಾಗಿ ನಮ್ಮ ಚರ್ಚಿನ ಸಭೆಯವರು ಗೊತ್ತುಮಾಡಿದ್ದು. ಒಲೆ ಹಚ್ಚಲಿಲ್ಲ. ನಾಲ್ಕು ಹಸು ಕರೆದೆ. ಹಾಲು ಸೋಸಿಟ್ಟೆ. ಕೋಳಿಗೆ ಜೋಳ ಹಾಕಿದೆ. ನಮ್ಮವರಿಗೆ ನಿನ್ನೆಯ ಬ್ರೆಡ್ಡು, ತಣ್ಣನೆ ಹಾಲು. ಹೊಟ್ಟೆ ತುಂಬಿದವನ ಪ್ರಾರ್ಥನೆ ದೇವರಿಗೆ ಕೇಳಿಸುವುದಿಲ್ಲವೇ ಎಂದು ಕೇಳಿದರು. ಹಾಲಿನ ಪಾತ್ರೆ ಎತ್ತಿಟ್ಟೆ. ಉಪವಾಸದ ದಿನ ಜಗಳ ಬೇಡ.

ಹತ್ತು ಗಂಟೆಗೆ ಪೋಸ್ಟಾಫೀಸಿನ ಮುಂದೆ ಜನ. ತಂತಿಯಲ್ಲಿ ಬಂದ ಸುದ್ದಿಯನ್ನು ದಿನಾ ಲೊವೀನಾ ಬಾಗಿಲಿಗೆ ಅಂಟಿಸಿ ಓದಿ ಹೇಳುತ್ತಾಳೆ. ನಾಡಿ ಇಷ್ಟು, ಜ್ವರ ಇಷ್ಟು. ಅರವತ್ತೆಂಟು ದಿನದಿಂದ ಇದೇ. ಇಂದು ಎರಡು ಕಡೆ ತಡವರಿಸಿದಳು. “ಥಿರ್ಜಾ ಅಕ್ಕ, ಇದೇನಿದೆ ನೋಡೇ” ಎಂದು ನನ್ನನ್ನು ಕರೆದಳು. ನಾನೇ ಓದಿದೆ. ಜನ ಅವಳ ಕೈ ಹಿಡಿದು ಕಣ್ಣೊರೆಸಿಕೊಂಡು ಹೋದರು.

ಹನ್ನೊಂದು ವರ್ಷ ಆ ಪೋಸ್ಟಾಫೀಸಿನ ಕಿಟಕಿಯ ಹಿಂದೆ ಕಾಗದ ವಿಂಗಡಿಸಿದವಳು ನಾನು. ಮುದುಕ ಪೋಸ್ಟ್‌ಮಾಸ್ತರರಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಹೆಸರು, ನನ್ನ ಕೈ. ಅವರು ಹೋದ ಮೇಲೆ ಕೆಲಸ ನನಗೇ ಎಂದು ಊರೇ ಅಂದುಕೊಂಡಿತ್ತು. ಆ ಕೆಲಸ ಕೊಡಿ ಎಂದು ಮಾರ್ಚಿನಲ್ಲಿ ಅಧ್ಯಕ್ಷರಿಗೇ ಬರೆದೆ. ಯಾಕೆ ಬರೆಯಬಾರದು? ಹದಿನೇಳು ವರ್ಷ ನಮ್ಮ ಜಿಲ್ಲೆಯ ಪರವಾಗಿ ವಾಷಿಂಗ್ಟನ್ನಿನಲ್ಲಿ ಕೂತವರು ಈ ಗಾರ್‌ಫೀಲ್ಡ್. ಮರದ ದಿಮ್ಮಿಯ ಗುಡಿಸಲಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಕಾಲುವೆ ದಂಡೆಯಲ್ಲಿ ದೋಣಿ ಎಳೆಯುವ ಕುದುರೆ ಹೊಡೆದವರು, ಆಮೇಲೆ ಮೇಷ್ಟರು, ನಮ್ಮ ಪಂಗಡದಲ್ಲೇ ದೇವರ ವಾಕ್ಯ ಹೇಳಿದವರು. ನಮ್ಮವರಲ್ಲದೆ ಇನ್ನಾರು?

ಮೇ ತಿಂಗಳಲ್ಲಿ ಕೆಲಸ ಲೊವೀನಾಗೆ ಆಯಿತು. ಯಾರ ಶಿಫಾರಸೋ. ಅವಳ ಗಂಡ ಉತ್ತರ ದಕ್ಷಿಣದವರ ಯುದ್ಧದಲ್ಲಿ ಸತ್ತ. ನಮ್ಮವರು, ಓರಿನ್, ಅದೇ ಯುದ್ಧಕ್ಕೆ ಹೋಗಿ ಬದುಕಿ ಬಂದರು. ಅದಕ್ಕೆ ನನಗೆ ಪೋಸ್ಟಾಫೀಸು ಇಲ್ಲ… ಇದನ್ನು ಬರೆಯಬಾರದಿತ್ತು. ಬರೆದಾಯಿತು.

ಸಂಜೆ 4 ಗಂಟೆ. ಹೆಂಗಸರ ಪ್ರಾರ್ಥನೆ ಮುಗಿಸಿ ಬಂದೆ. ಲೊವೀನಾ ಎಲ್ಲರೆದುರು ಎದ್ದು ನಿಂತು, ಇವತ್ತು ಥಿರ್ಜಾ ಅಕ್ಕನೇ ಪ್ರಾರ್ಥನೆ ನಡೆಸಲಿ ಎಂದಳು. “ಜೂನ್‌ನಲ್ಲಿ ಅಧ್ಯಕ್ಷರಿಗೆ ಕಾಗದ ಬರೆದೋಳು ನಮ್ಮೂರಲ್ಲಿ ಅವಳೊಬ್ಬಳೇ ಕಣ್ರೇ. ನಾನೇ ಸೀಲು ಒತ್ತಿದ್ದು. ಎಷ್ಟು ದಪ್ಪ ಇತ್ತು ಗೊತ್ತಾ?”

ನಡೆಸಿದೆ. ಏನು ಹೇಳಿದೆನೋ.

9 ಸೆಪ್ಟೆಂಬರ್

ನಿನ್ನೆ ಬರೆಯದಿದ್ದುದನ್ನು ಇಂದು ಬರೆಯುತ್ತೇನೆ. ದೇವರು ಹೇಗೂ ಓದಿದ್ದಾನೆ.

ಜೂನಿನ ಕಾಗದ ಲೊವೀನಾ ಅಂದುಕೊಂಡ ಹಾಗೆ ಹಾರೈಕೆಯದಲ್ಲ. ಎಂಟು ಪುಟ. ಓದಲು ಬಾರದವಳನ್ನು ಕೂರಿಸಿದಿರಿ, ದುಡಿದವಳನ್ನು ಮರೆತಿರಿ ಎಂದು ಶುರುಮಾಡಿದೆ. ಲೊವೀನಾಳ ಬಗ್ಗೆ ಬರೆದೆ. ಗಂಡನ ಸಾವನ್ನು ಹದಿನೆಂಟು ವರ್ಷದಿಂದ ಅರ್ಜಿಯ ಹಾಗೆ ಹಿಡಿದುಕೊಂಡು ತಿರುಗುವವಳು ಎಂದು ಬರೆದೆ. ಕೊನೆಯ ಸಾಲು: ಆ ಕುರ್ಚಿಯಲ್ಲಿ ನಿಮಗೆ ಒಂದು ವರ್ಷವೂ ತುಂಬದಿರಲಿ ಎಂದು ದಿನಾ ಮೊಣಕಾಲೂರಿ ಬೇಡುತ್ತೇನೆ. ಕೆಳಗೆ ನನ್ನ ಹೆಸರು, ಊರು, ಎಲ್ಲ ಬಿಡಿಸಿ.

ಬೇಡಿದೆ ಕೂಡ. ಹದಿನೈದು ದಿನ.

ಜುಲೈ ಎರಡಕ್ಕೆ ರೈಲು ಸ್ಟೇಷನ್ನಿನಲ್ಲಿ ಅವರ ಬೆನ್ನಿಗೆ ಗುಂಡು ಬಿತ್ತು. ಹೊಡೆದವನು ಯಾರು? ಸರ್ಕಾರದ ಕೆಲಸ ಕೇಳಿ ಸಿಗದವನು. ಅವನಿಗೆ ಪಿಸ್ತೂಲು ಸಿಕ್ಕಿತು, ನನಗೆ ಮಸಿ.

20 ಸೆಪ್ಟೆಂಬರ್, ಮಂಗಳವಾರ

ಬೆಳಗ್ಗೆ ಹಾಲು ಕರೆಯುತ್ತಿದ್ದಾಗ ಚರ್ಚಿನ ಸಾವಿನ ಗಂಟೆ. ನಿಲ್ಲಲೇ ಇಲ್ಲ. ಹೋದರು.

ನಮ್ಮವರು ಕೊಟ್ಟಿಗೆಗೆ ಬಂದು ಟೋಪಿ ತೆಗೆದು ನಿಂತರು. ನಾನು ಹಸುವಿನ ಹೊಟ್ಟೆಗೆ ಹಣೆ ಕೊಟ್ಟು ಕೂತೇ ಇದ್ದೆ.

26 ಸೆಪ್ಟೆಂಬರ್

ಕ್ಲೀವ್‌ಲ್ಯಾಂಡಿನಲ್ಲಿ ಅಧ್ಯಕ್ಷರ ಮಣ್ಣು. ಊರಿನ ಅರ್ಧ ಜನ ರೈಲಿಗೆ ಹೋದರು. ಲೊವೀನಾ ಹೋಗಲಿಲ್ಲ, ಪೋಸ್ಟಾಫೀಸು ಬಿಟ್ಟು ಹೋಗಬಾರದಂತೆ. ಬಾಗಿಲಿಗೆಲ್ಲ ಕಪ್ಪು ಬಟ್ಟೆ ಬಿಗಿದಿದ್ದಾಳೆ, ತನ್ನದೇ ಲಂಗ ಹರಿದು. ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತಳು. ಎಲ್ಲರೆದುರು ಹಾಗೆ ಅಳಲು ಪುಣ್ಯ ಬೇಕು. ಅವಳ ಕೆಲಸದ ಮೇಲೆ ಇದ್ದುದಕ್ಕಿಂತ ದೊಡ್ಡ ಹೊಟ್ಟೆಕಿಚ್ಚು ಇಂದು ಆ ಅಳುವಿನ ಮೇಲೆ ಆಯಿತು. ನಾನು ಕರವಸ್ತ್ರ ಹಿಡಿದು ನಿಂತಿದ್ದೆ. ಒಣಗಿದ್ದು.

3 ಡಿಸೆಂಬರ್ 1882, ಭಾನುವಾರ

ವರ್ಷದ ಮೇಲಾಯಿತು ಇದರಲ್ಲಿ ಬರೆದು. ಬರೆಯುವಂಥದ್ದು ಏನೂ ಇರಲಿಲ್ಲ. ಮರೆಯುತ್ತಿದ್ದೆ.

ಇಂದು ಸಭೆ ಮುಗಿದ ಮೇಲೆ ಚರ್ಚಿನ ಹಿರಿಯರು ಒಂದು ಮಾತು ಹೇಳಿದರು. ಅಧ್ಯಕ್ಷರ ಮನೆಯವರು ಅವರಿಗೆ ಬಂದ ಒಂದು ಚೀಟಿಯನ್ನೂ ಎಸೆದಿಲ್ಲವಂತೆ. ಎಲ್ಲ ಜೋಡಿಸಿ, ಕಟ್ಟು ಕಟ್ಟಿ ಇಡುತ್ತಾರಂತೆ. ಮುಂದಿನವರು ಬಂದು ಓದಲಿ ಎಂದು. ಗುಡಿಸಲಿನ ಹುಡುಗನನ್ನು ಜನ ಎಷ್ಟು ಪ್ರೀತಿಸುತ್ತಿದ್ದರು ಎಂದು ನೂರು ವರ್ಷದ ಮೇಲೂ ಗೊತ್ತಾಗಲಿ ಎಂದು.

ಲೊವೀನಾ ನನ್ನ ತೋಳು ಹಿಡಿದು, “ಅಕ್ಕ, ನಿನ್ನದೂ ಇರುತ್ತಲ್ಲೇ ಅದರಲ್ಲಿ” ಎಂದಳು. ಅವಳ ಮುಖದಲ್ಲಿ ಅಸೂಯೆ. ದೇವರಾಣೆ, ಅಸೂಯೆಯೇ. ಅವಳಿಗೆ ನನ್ನ ಮೇಲೆ!

ಮನೆಗೆ ಬಂದು ಈ ಪುಸ್ತಕ ಹುಡುಕಿ ತೆಗೆದೆ.

14 ಡಿಸೆಂಬರ್

ಅಧ್ಯಕ್ಷರ ಮನೆಯಲ್ಲಿ ಕಾಗದಪತ್ರ ನೋಡಿಕೊಳ್ಳುವವರಿಗೆ ಬರೆದೆ. ಇಂಥ ತಿಂಗಳು, ಇಂಥ ಊರು, ಇಂಥವಳ ಕಾಗದ. ದಯಮಾಡಿ ಹಿಂದಕ್ಕೆ ಕಳಿಸಿ. ಕಾರಣ ಬರೆಯಲಿಲ್ಲ, ಓದಿದರೆ ಅವರಿಗೇ ತಿಳಿಯುತ್ತದೆ.

ಲೊವೀನಾಳ ಕಿಟಕಿಗೆ ಹಾಕಲಿಲ್ಲ. ನಮ್ಮವರು ವಾರೆನ್ ಪಟ್ಟಣಕ್ಕೆ ಚೀಸ್ ಒಯ್ಯುತ್ತಿದ್ದರು, ಅವರ ಕೈಗೆ ಕೊಟ್ಟೆ. ಇದೇಕೆ ಅಷ್ಟು ದೂರ ಎಂದರು. ಅಧ್ಯಕ್ಷರ ಹೆಂಡತಿಗೆ ಸಮಾಧಾನದ ಮಾತು, ಊರಲ್ಲಿ ಡಂಗುರ ಬೇಡ ಎಂದೆ. ಅದೂ ಸುಳ್ಳು.

20 ಜನವರಿ 1883, ಶನಿವಾರ

ನಮ್ಮವರು ಪೇಪರ್ ಓದಿ ಹೇಳಿದರು: ಹೊಸ ಕಾನೂನು ಬಂತು, ಇನ್ನು ಎಷ್ಟೋ ಸರ್ಕಾರಿ ಕೆಲಸಕ್ಕೆ ಪರೀಕ್ಷೆ. ಯಾರ ಕಾಲು ಹಿಡಿದೆ, ಯಾರ ಮೆರವಣಿಗೆಗೆ ಹೋದೆ ಎಂದು ಕೇಳುವಂತಿಲ್ಲ. ಗಾರ್‌ಫೀಲ್ಡರ ಸಾವೇ ಇದನ್ನು ಮಾಡಿಸಿತು ಎಂದರು. “ನೋಡೇ, ನಾಲ್ಕು ತಿಂಗಳು ಕೂತೋರು. ಸತ್ತು ಎಂಥ ಕೆಲಸ ಮಾಡಿದ್ರು.”

ನಮ್ಮಂಥ ಹಳ್ಳಿ ಪೋಸ್ಟಾಫೀಸಿಗೂ ಪರೀಕ್ಷೆಯೇ ಎಂದು ಕೇಳಿದೆ. ಇಲ್ಲವಂತೆ. ಇಟ್ಟಿದ್ದರೆ… ಕಾಗುಣಿತ, ಕೂಡುವ ಲೆಕ್ಕ, ಊರುಗಳ ಹೆಸರು, ನನ್ನ ಮುಂದೆ ಲೊವೀನಾ ನಿಲ್ಲುತ್ತಿದ್ದಳೇ? ಇಷ್ಟೆಲ್ಲ ಆದ ಮೇಲೂ ಮನಸ್ಸಿಗೆ ಮೊದಲು ಬಂದದ್ದು ಇದೇ. ಥೂ.

22 ಜನವರಿ

ಅಧ್ಯಕ್ಷರ ಮನೆಯಿಂದ ಉತ್ತರ ಬಂದಿದೆಯೆಂದು ಲೊವೀನಾ ಹೇಳಿಕಳಿಸಿದ್ದಾಳೆ. ಶೋಕದ ಕಪ್ಪು ಅಂಚಿನ ಲಕೋಟೆ, ದಪ್ಪಗಿದೆಯಂತೆ.

ನನಗೆ ಬುದ್ಧಿಯೇ ಇಲ್ಲ. ಹೋಗುವ ಕಾಗದವನ್ನು ಅವಳ ಕಣ್ಣಿಂದ ತಪ್ಪಿಸಿದೆ. ಬರುವ ಕಾಗದ ಅವಳ ಕಿಟಕಿಗೇ ಬರುತ್ತದೆಂದು, ಹನ್ನೊಂದು ವರ್ಷ ಅಲ್ಲೇ ಕೂತವಳಿಗೆ ಹೊಳೆಯಲಿಲ್ಲ.

ನಮ್ಮವರನ್ನು ಕಳಿಸಿದೆ. ಬರಿಗೈಯಲ್ಲಿ ಬಂದರು. ಅಂಥ ಲಕೋಟೆ ಗಂಡಸರ ಜೇಬಲ್ಲಿ ತಂಬಾಕಿನ ಜೊತೆ ಹೋಗಬಾರದು, ಅಕ್ಕನೇ ಬರಲಿ, ಅವಳ ಕೈಗೇ ಕೊಡುತ್ತೇನೆ ಎಂದಳಂತೆ. ಡ್ರಾಯರಿನಲ್ಲಿ ಬಿಳಿ ಬಟ್ಟೆ ಸುತ್ತಿ ಇಟ್ಟಿದ್ದಾಳಂತೆ. ಬಂದವರಿಗೆಲ್ಲ ಬಟ್ಟೆ ಸರಿಸಿ ತೋರಿಸುತ್ತಾಳಂತೆ.

23 ಜನವರಿ

ಹಿರಿಯರು ಮನೆಗೇ ಬಂದರು. ಕಾಫಿ ಕುಡಿದರು. ಭಾನುವಾರ ಆ ಉತ್ತರವನ್ನು ಸಭೆಯಲ್ಲಿ ಓದೋಣ ಎಂದರು. ಗಾಜು ಹಾಕಿಸಿ ಗೋಡೆಗೆ ಹಾಕುವ ಮಾತೂ ಆಡಿದರು. ನಾನು ತಲೆ ತಗ್ಗಿಸಿದೆ. ವಿನಯ ಎಂದುಕೊಂಡು ಹೋದರು.

ಲಕೋಟೆಯ ಒಳಗೆ ನನ್ನ ಎಂಟು ಪುಟಗಳಿವೆ. ದಪ್ಪ ಎಂದರೆ ಅದೇ. ಕಿಟಕಿಯಲ್ಲಿ ತೆಗೆದುಕೊಂಡರೆ, “ಒಡೆಯೇ ಅಕ್ಕ, ಓದೇ” ಎಂದು ಎಲ್ಲರೂ ಸುತ್ತ ನಿಲ್ಲುತ್ತಾರೆ. ತೆಗೆದುಕೊಳ್ಳದಿದ್ದರೆ ಇನ್ನೂ ವಾರವೆಲ್ಲ ಅವಳ ಡ್ರಾಯರಿನಲ್ಲಿ.

ಒಲೆಗೆ ಹಾಕಬಹುದು. ಆಮೇಲೆ ಭಾನುವಾರ ಏನು ಓದಲಿ? ನಾನೇ ಒಂದು ಬರೆದುಕೊಳ್ಳಲೇ? ಅಕ್ಷರ ನನ್ನದು ಚೆನ್ನಾಗಿಯೇ ಇದೆ… ಈ ಯೋಚನೆ ಬಂದ ಕೂಡಲೇ ಎದ್ದು ಹೋಗಿ ಮಜ್ಜಿಗೆ ಕಡೆದೆ.

25 ಜನವರಿ, ಮಧ್ಯಾಹ್ನ

ಉಪವಾಸ. ಈ ಸಲ ಯಾರೂ ಗೊತ್ತುಮಾಡಿದ್ದಲ್ಲ.

ಬೆಳಗ್ಗೆಯಿಂದ ಒಂದೇ ಮಾತು ತಲೆಯಲ್ಲಿ. ಆ ಕಾಗದ ಓದಿದವರು ಯಾರೋ ನನಗೆ ಗೊತ್ತಿಲ್ಲ. ಅಧ್ಯಕ್ಷರು ಓದಿದರೋ ಇಲ್ಲವೋ ಅದೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಆದರೆ ಅದರಲ್ಲಿ ಬೈಸಿಕೊಂಡವಳು ಅರ್ಧ ಮೈಲಿ ದೂರದಲ್ಲಿ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕಾಯುತ್ತಿದ್ದಾಳೆ. ಧೂಳು ತಾಗದ ಹಾಗೆ.

ಅವಳ ಜಾಗದಲ್ಲಿ ನಾನಿದ್ದು, ಅವಳ ಹೆಸರಿಗೆ ಅಂಥ ಲಕೋಟೆ ಬಂದಿದ್ದರೆ? ಆವಿ ಹಿಡಿದು ಬಿಚ್ಚಿ ಓದಿರುತ್ತಿದ್ದೆ. ಹಾಗೆ ಮಾಡಬಹುದೆಂದು ಅವಳಿಗೆ ಹೊಳೆದೇ ಇಲ್ಲ. ಕಾಗುಣಿತ ಬಾರದವಳು. ಆ ಕಿಟಕಿಗೆ ಅವಳೇ ಸರಿ. ಬರೆಯಲು ಕೈ ಒಪ್ಪುತ್ತಿಲ್ಲ, ಆದರೂ ಬರೆದಿದ್ದೇನೆ.

ನಮ್ಮವರು ಗಾಡಿ ಕಟ್ಟುತ್ತಿದ್ದಾರೆ. ಅವರ ಕೈಯಲ್ಲಿ ಕಳಿಸುವ ಚೀಟಿಯನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಲೊವೀನಾ, ಪೋಸ್ಟಾಫೀಸು ಮುಚ್ಚಿ ಇದೇ ಗಾಡಿಯಲ್ಲಿ ಬಾ. ಒಬ್ಬಳೇ ಬಾ. ಜೂನಿನ ಕಾಗದದಲ್ಲಿ ನಿನ್ನ ಹೆಸರೂ ಇದೆ. ಹಿರಿಯರು ಓದುವ ಮೊದಲು ನೀನು ಓದಬೇಕು. ನೀನು ತಡವರಿಸಿದ ಕಡೆ ನಾನೇ ಓದಿ ಹೇಳುತ್ತೇನೆ, ಒಂದು ಸಾಲೂ ಬಿಡದೆ. ಆಮೇಲೆ ನೀನು ಏನು ಮಾಡು ಎನ್ನುತ್ತೀಯೋ ಹಾಗೆ. ನನಗೆ ಬಂದ ಲಕೋಟೆ ತಗೊಂಡು ಬಾ. ನೀನೇ ಅದನ್ನು ಒಡೆ.