ಇಂಗಿನ ಡಬ್ಬಿಯ ಗುಳಿಗೆಗಳು

ಧರಮ್‌ಪೇಠ, ನಾಗಪುರ
೧೨ ಸೆಪ್ಟೆಂಬರ್ ೧೯೯೯

ಶ್ರೀ ಕೃಷ್ಣಪ್ರಸಾದ ಅವರಿಗೆ, ಲೀಲಾಳ ನಮಸ್ಕಾರ. ಗಂಡನನ್ನು ಹೆಸರು ಹಿಡಿದು ಕರೆದಳೆಂದು ಬೇಸರ ಬೇಡ, ಇನ್ನೂ ಸಿಟ್ಟಿನಲ್ಲಿದ್ದೇನೆ.

ನಿಮ್ಮ ಬಿ.ಪಿ. ಹತೋಟಿಗೆ ಬಂತೆಂದು ನಿನ್ನೆ ಫೋನಿನಲ್ಲಿ ಕೇಳಿದ ಮೇಲೆಯೇ ನನಗೆ ಸರಿಯಾಗಿ ಊಟ ಸೇರಿದ್ದು. ಇನ್ನು ಧೈರ್ಯವಾಗಿ ಬೈಯಬಹುದು.

ನಿಮಗೆ ಹೈದರಾಬಾದಿಗೆ ವರ್ಗವಾದರೆ ನಾನು ಶಾಲೆಯ ಕೆಲಸ ಬಿಟ್ಟು ಬರುವುದಿಲ್ಲ ಎಂದೆ. ಅಷ್ಟಕ್ಕೇ ಮುಖ ಊದಿಸಿಕೊಂಡು ವಿಯೆನ್ನಾದ ತರಬೇತಿಗೆ ಹೊರಟುಬಿಟ್ಟಿರಿ. ಸಾಮಾನು ಕಟ್ಟಲೂ ನನ್ನನ್ನು ಹತ್ತಿರ ಸೇರಿಸಲಿಲ್ಲ. ತಿಂಗಳುಗಟ್ಟಲೆ ಫೋನಿಲ್ಲ. ಕಡೆಗೆ ಮಾಡಿದಾಗಲೂ, ಹೇಗಿದ್ದೀ ಎಂದು ಕೇಳದೆ, ರಾತ್ರಿ ಊಟದ ಮೇಲಿನ ಬಿಳಿ ಗುಳಿಗೆಯ ಹೆಸರೇನು ಎಂದಿರಿ.

ಜಾಗ ಉಳಿಯಲೆಂದು ಗುಳಿಗೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಖಾಲಿ ಇಂಗಿನ ಡಬ್ಬಿಗೆ ತುಂಬಿಕೊಂಡು ಹೋಗಿದ್ದಿರಂತೆ. ಕೊನೆಯ ಗುಳಿಗೆ ತೋರಿಸಲು ಡಬ್ಬಿ ತೆರೆದಾಗ ಅಲ್ಲಿಯ ಔಷಧ ಅಂಗಡಿಯ ಹೆಂಗಸು ಮೂಗು ಮುಚ್ಚಿ ಹಿಂದೆ ಸರಿದಳಂತೆ. ನನಗೆ ನಗು ಬಂತು. ಆದರೆ ಗುಳಿಗೆಯಿಲ್ಲದೆ ತಲೆ ಸುತ್ತುತ್ತಿದೆ ಎಂದಿರಲ್ಲ, ನಗು ಅಲ್ಲೇ ನಿಂತಿತು.

ನಾನು ಹೇಳಿದ ಹೆಸರಿನ ಗುಳಿಗೆ ಆ ದೇಶದಲ್ಲೇ ಇಲ್ಲವೆಂದು ನೀವು ಮತ್ತೆ ಫೋನ್ ಮಾಡಿದಾಗ ಸೀತಾಬರ್ಡಿಯ ನಮ್ಮ ಡಾಕ್ಟರ್ ವಿಮಲಾ ಹತ್ತಿರ ಓಡಿದೆ. ‘ಇಲ್ಲಿ ಕಂಪನಿಯವರು ಇಟ್ಟ ಹೆಸರು ಅಲ್ಲಿ ನಡೆಯಂಗಿಲ್ಲ ಲೀಲಾ. ಒಳಗಿನ ಔಷಧದ ಹೆಸರು ಬರದು ಕೊಡ್ತೀನಿ. ಮೊದಲು ಅಲ್ಲೇ ಡಾಕ್ಟರಿಗೆ ತೋರಸ್ಕೊಳ್ಳಲಿಕ್ಕೆ ಹೇಳು, ಜಲ್ದಿ’ ಎಂದರು. ಎಸ್‌ಟಿಡಿ ಅಂಗಡಿಯಿಂದ ಫ್ಯಾಕ್ಸ್ ಹೋಗುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ.

ಅಲ್ಲಿಯ ಡಾಕ್ಟರು ಪರೀಕ್ಷಿಸಿ ಅದೇ ಔಷಧ ಬರೆದುಕೊಟ್ಟರು, ಅದೇ ಹೆಂಗಸು ನಗುತ್ತ ಕೊಟ್ಟಳು ಎಂದಿರಿ. ಅವಳಿಗೆ ನನ್ನ ನಮಸ್ಕಾರ ಹೇಳಿ. ಆಮೇಲೆ, ಊಟವಾಯಿತೇ ಎಂದು ನನ್ನನ್ನು ಕೇಳಿದಿರಿ. ಅದು ನನಗೆ ಎಷ್ಟು ಹಿತವಾಯಿತೆಂದು ಫೋನಿನಲ್ಲಿ ಹೇಳಲಾಗಲಿಲ್ಲ.

ಹೈದರಾಬಾದಿನ ಮಾತು ಎದುರು ಕೂತು ಆಡೋಣ. ನಾನೂ ಸ್ವಲ್ಪ ಯೋಚಿಸುತ್ತಿದ್ದೇನೆ. ತರಬೇತಿ ಮುಗಿಸಿ ನೇರ ಮನೆಗೆ ಬನ್ನಿ.

ಇಂತಿ,
ಲೀಲಾ

ತಾ.ಕ.: ಗುಳಿಗೆಯ ಹೆಸರು ಥಟ್ಟನೆ ಹೇಗೆ ಹೇಳಿದೆ ಎಂದು ಕೇಳಿದಿರಿ. ವಿಜ್ಞಾನದ ಟೀಚರಿಗೆ ಇಷ್ಟೂ ನೆನಪಿರುವುದಿಲ್ಲವೇ ಎಂದೆ. ಅದು ಸುಳ್ಳು. ಫೋನಿನ ಪಕ್ಕದ ಡ್ರಾಯರಿನಲ್ಲಿದ್ದ ಸ್ಟ್ರಿಪ್ ನೋಡಿ ಓದಿದ್ದು. ನೀವು ಹೋದ ಮೇಲೂ ತಿಂಗಳು ತಿಂಗಳು ನಿಮ್ಮ ಗುಳಿಗೆ ತರುತ್ತಲೇ ಇದ್ದೇನೆ. ತರದಿದ್ದರೆ ಮೆಡಿಕಲ್ ಅಂಗಡಿಯ ಉಮಾಪತಿಯವರು ‘ಸಾಹೇಬ್ರು ಎಲ್ಲಿ ವೈನಿ’ ಎಂದು ಕೇಳಿಯಾರೆಂದು ಮೊದಲ ತಿಂಗಳು ತಂದೆ. ಆಮೇಲಿನ ತಿಂಗಳುಗಳಲ್ಲಿ ಅವರಿಗಾಗಿ ತಂದದ್ದಲ್ಲ.