ಬಟ್ಟೆ ಒಬ್ಬರು, ಕೋಲು ಒಬ್ಬರು

ಫೆಬ್ರವರಿ 9, ಬೆಳಿಗ್ಗೆ 6.20
ಚಮಚ ಹದಿನಾಲ್ಕು ಗ್ರಾಂ. ಟಾರ್ಚ್ ಎಪ್ಪತ್ತು. ಸ್ವೆಟರ್ ಮುನ್ನೂರ ಹತ್ತು — ಭಾರವೇ, ಇರಲಿ. ಔಷಧದಂಗಡಿಯ ಡ್ಯೂಟಿಗೆ ಹೊರಡುವ ಮೊದಲು ದಿನಾ ಇದೇ ಕೆಲಸ. ಅಡುಗೆಮನೆ ತಕ್ಕಡಿ, ಒಂದೊಂದೇ ಸಾಮಾನು. ಹಿಮಬೆಟ್ಟದಲ್ಲಿ ಇಪ್ಪತ್ತೆರಡು ದಿನದ ನಡಿಗೆ, ಬೆನ್ನ ಮೇಲೆ ಏಳು ಕಿಲೋ ಮೀರಬಾರದು. ಅಣ್ಣ ಹಾಕಿಕೊಟ್ಟ ಲೆಕ್ಕ. ಮೂರು ವರ್ಷದ ಹಿಂದೆ ಅದೇ ದಾರಿಯಲ್ಲಿ, ನಾಲ್ಕನೇ ದಿನ, ಹೋಗಿಬಿಟ್ಟ. ಈ ಸಲ ಮೊದಲಿಂದ ಹೊರಟು, ಉಳಿದ ಹದಿನೆಂಟು ದಿನವನ್ನೂ ನಡೆದು ಮುಗಿಸಬೇಕು.

ಸಂಜೆ
ಅತ್ತಿಗೆ ಬಂದಿದ್ದರು. ತಕ್ಕಡಿ ನೋಡಿದರು.
"ನಾನೂ ಬರ್ತೀನಿ ಕಣೇ."
"ಅತ್ತಿಗೆ, ನಿಮ್ಮ ಮಂಡಿ..."
"ಮಂಡಿ ನಂದು. ನಾನು ನೋಡ್ಕೋತೀನಿ."
ತಕ್ಕಡಿಯ ಮೇಲೆ ಇನ್ನೊಂದು ಚಮಚ ಇಟ್ಟೆ.

ಫೆಬ್ರವರಿ 16
ಟೆಂಟ್ ನೋಡಲು ಹೋಗಿದ್ದೆವು. ಜಿಪ್ ಎಳೆದದ್ದೇ ತಡ, ಬೆನ್ನ ಹಿಂದೆ — "ನಿಲ್ಲೇ!" ಅಣ್ಣನದೇ ದನಿ. ತಿರುಗಿದೆ. ಗೋಡೆಗೆ ತೂಗುಹಾಕಿದ ಜಾಕೆಟ್‌ಗಳು, ಅಷ್ಟೆ.
ಅಂಗಡಿಯವನು ಹೇಳುತ್ತಲೇ ಇದ್ದ. "ಇಬ್ರಿಗೂ ಒಂದೇ ಟೆಂಟ್ ಸಾಕು ಮೇಡಂ. ಟೆಂಟಿನ ಬಟ್ಟೆ ಒಬ್ರು, ಕೋಲು ಒಬ್ರು ಹೊತ್ಕೊಂಡ್ರೆ ಹೂವಿನ ಭಾರ."
"ನಿಮ್ಮಣ್ಣ ಟೆಂಟನ್ನೂ ಭಾರ ಅಂತ ಬಿಟ್ಟು ಹೋದ್ರು, ಅಲ್ವಾ?" ಅಂದರು ಅತ್ತಿಗೆ. ನನ್ನ ಮುಖವನ್ನೇ ನೋಡುತ್ತ.
ಎರಡು ಟೆಂಟ್ ಕೊಂಡೆ.

ಫೆಬ್ರವರಿ 17
ಬರೆದುಬಿಡುತ್ತೇನೆ. ಇಲ್ಲಿ ಯಾರು ಓದುತ್ತಾರೆ.
ಅಣ್ಣ ಟೆಂಟನ್ನು ಬಿಟ್ಟು ಬಂದಿರಲಿಲ್ಲ. ಕೋಲು ಅವನ ಹತ್ತಿರ, ಬಟ್ಟೆ ನನ್ನ ಬ್ಯಾಗಿನಲ್ಲಿ. ಆ ಬೆಳಿಗ್ಗೆ, ಭಾರ ಕಡಿಮೆಯಾಗಲಿ ಅಂತ, ನಾನು ಓದುತ್ತಿದ್ದ ಕಾದಂಬರಿಯಲ್ಲಿ ಓದಿ ಮುಗಿಸಿದ್ದ ಹಾಳೆಗಳನ್ನು ಹರಿದು ಬೆಂಕಿಗೆ ಹಾಕಿದ್ದ. ಅಷ್ಟಕ್ಕೇ ಸಿಟ್ಟು. ದಾಪುಗಾಲು ಹಾಕಿದೆ. "ನಿಲ್ಲೇ" ಅಂತ ಎರಡು ಸಲ ಕೂಗಿದ. ನಿಲ್ಲಲಿಲ್ಲ. ಮಧ್ಯಾಹ್ನ ಹಿಮ ಸುರಿಯಿತು. ನಾನು ತಂಗುಮನೆ ಸೇರಿದ್ದೆ. ಅವನು ಸೇರಲಿಲ್ಲ.
ಮನೆಯವರಿಗೆ ಹೇಳಿದ್ದು ಬೇರೆ — ಟೆಂಟನ್ನು ಅವನೇ ಬೇಡವೆಂದು ಬಿಟ್ಟ, ಅಂತ.

ಮಾರ್ಚ್ 8, ಮಧ್ಯಾಹ್ನ
ಹೇಳಿಬಿಟ್ಟೆ. ಅತ್ತಿಗೆ ಕಾಲುಚೀಲ ಮಡಿಸುತ್ತಿದ್ದರು. ಕೈ ನಿಲ್ಲಲಿಲ್ಲ.
"ಗೊತ್ತು. ಅವರ ಬ್ಯಾಗ್ ಬಿಚ್ಚಿದ್ದು ನಾನೇ ತಾನೆ? ಬಟ್ಟೆ ಬಿಟ್ಟು ಬರೀ ಕೋಲು ಹೊರೋಕೆ ಅವರಿಗೇನು ತಲೆ ಕೆಟ್ಟಿತ್ತಾ?"
"ಮೂರು ವರ್ಷ... ಯಾಕೆ ಕೇಳ್ಲಿಲ್ಲ ಅತ್ತಿಗೆ?"
"ನೀನಾಗೇ ಹೇಳ್ಲಿ ಅಂತ. ಅವರನ್ನ ಎಲ್ರೂ ಬುದ್ಧಿಗೇಡಿ ಅಂದ್ರು. ನೀನು ಪಕ್ಕದಲ್ಲೇ ಕೂತು ಕೇಳಿಸ್ಕೊಂಡೆ. ಅದು ನಂಗೆ ನುಂಗೋಕಾಗ್ಲಿಲ್ಲ."
ನಾನು ಅತ್ತುಬಿಟ್ಟೆ. ಅತ್ತಿಗೆ ಸಮಾಧಾನ ಮಾಡಲಿಲ್ಲ. ಏಳುವಾಗ ಅಂದರು, "ಬರ್ತೀನಿ ಅಂದ್ಮೇಲೆ ಬರ್ತೀನಿ. ಮೊದ್ಲು ನಿಮ್ಮಮ್ಮನಿಗೆ ಹೇಳು."

ಮಾರ್ಚ್ 9
ಅಮ್ಮನಿಗೆ ಹೇಳಿದೆ. ಫೋನ್ ಇಟ್ಟುಬಿಟ್ಟಳು.

ಮಾರ್ಚ್ 21
ಅಮ್ಮ ಇನ್ನೂ ಫೋನ್ ಎತ್ತುತ್ತಿಲ್ಲ.

ಏಪ್ರಿಲ್ 5, ನಡಿಗೆಯ ನಾಲ್ಕನೇ ದಿನ, ಬೆಳಿಗ್ಗೆ
ನೀರು ಕುಡಿಯಲು ಕುಳಿತೆವು.
"ಕೊನೇ ಸಲ ಅವರು ಎಲ್ಲಿ ನಿಂತಿದ್ದು ನೋಡ್ದೆ?"
ಕೆಳಗಿನ ತಿರುವು ತೋರಿಸಿದೆ.
ಅತ್ತಿಗೆ ಇಳಿದು ಹೋಗಿ ಅಲ್ಲೇ ನಿಂತಿದ್ದಾರೆ. ಹತ್ತು ನಿಮಿಷವಾಯಿತು. ಮಂಜು ಏರುತ್ತಿದೆ. ಈಗ ಸೊಂಟದಿಂದ ಮೇಲಷ್ಟೇ ಕಾಣುತ್ತಾರೆ. ಬರೆದದ್ದು ಸಾಕು. ಹೋಗಿ ಅವರ ಕೈ ಹಿಡಿಯುತ್ತೇನೆ.